ವರ್ಲಿನ್ ಹೇಳಿದ ಮೇಲೆ ಮುಗಿಯಿತು

ತಿಂಗಳ ಎರಡನೆಯ ಮಂಗಳವಾರ ನಮ್ಮೂರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಹಿರಿಯರ ಕಾಲು ನೋಡುತ್ತೇನೆ. ನಾನು ಕೊರಿನ್, ಈ ಕೌಂಟಿಯ ನರ್ಸ್. ಬೇಸಿನ್ನಿನಲ್ಲಿ ಬೆಚ್ಚಗಿನ ನೀರು, ಟವೆಲ್ಲು, ಉಗುರು ಕತ್ತರಿ, ಮುಲಾಮು. ಬೆನ್ನು ಬಗ್ಗದ ವಯಸ್ಸಿನಲ್ಲಿ ತಮ್ಮ ಪಾದ ತಮಗೇ ದೂರದ ಊರಾಗಿರುತ್ತದೆ. ಬಂದವರ ಕಾಲು ತೊಳೆದು, ಉಗುರು ತೆಗೆದು, ಗಾಯವೇನಾದರೂ ಇದೆಯೇ ಎಂದು ನೋಡಿ ಕಳಿಸುವುದು ನನ್ನ ಕೆಲಸ. ಹೇಗಿದ್ದೀರಿ ಎಂದು ಕೇಳಿದರೆ ಮಿನ್ನೆಸೋಟದ ಈ ಭಾಗದವರೆಲ್ಲ ಒಂದೇ ಉತ್ತರ ಕೊಡುತ್ತಾರೆ: "ಪರವಾಗಿಲ್ಲ." ಕೈ ಮುರಿದುಕೊಂಡು ಬಂದವರೂ ಪರವಾಗಿಲ್ಲ ಎನ್ನುತ್ತಾರೆ. ಹಾಗಾಗಿ ನಾನು ಅವರ ಬಾಯಿಯನ್ನು ಹೆಚ್ಚು ಕೇಳುವುದಿಲ್ಲ, ಕಾಲನ್ನು ಕೇಳುತ್ತೇನೆ.

ಹೋದ ಅಕ್ಟೋಬರಿನಲ್ಲಿ ಆರ್ಡಿಸ್ ಲಿಂಡ್‌ಕ್ವಿಸ್ಟ್ ಬಂದರು. ಎಪ್ಪತ್ತಮೂರು ವರ್ಷ, ಬಹಳ ದಿನದ ಸಕ್ಕರೆ ಕಾಯಿಲೆ. ಇದೇ ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಆರ್ಗನ್ ಎಂದರೆ ಬರೀ ಕೈಯ ಕೆಲಸವಲ್ಲ. ಕೆಳಗೆ ಒಂದು ಸಾಲು ಮರದ ಪಟ್ಟಿಗಳಿರುತ್ತವೆ, ಅವನ್ನು ಎರಡೂ ಕಾಲಿನಿಂದ ಒತ್ತಬೇಕು. ಎದೆಯೊಳಗೆ ಗುಂಯ್‌ಗುಡುವ ತಗ್ಗಿನ ಸ್ವರಗಳೆಲ್ಲ ಅಲ್ಲಿಂದಲೇ ಬರುವುದು. ಆ ಕ್ರಿಸ್‌ಮಸ್‌ಗೆ ಅವರು ಆರ್ಗನ್ ಮುಂದೆ ಕೂತು ಐವತ್ತು ವರ್ಷ ತುಂಬುತ್ತಿತ್ತು. ಊರೆಲ್ಲ ಅದಕ್ಕೆ ಕಾಯುತ್ತಿತ್ತು.

ಬಲಗಾಲಿನ ಕಾಲುಚೀಲ ತೆಗೆದೆ. ಕಿರುಬೆರಳ ಪಕ್ಕದಲ್ಲಿ ಗಾಯ. ಅಂಚು ಕಪ್ಪಾಗಿತ್ತು. ಆ ಕಾಲನ್ನು ನೀರಿಗೆ ಬಿಡಲಿಲ್ಲ.

"ಎಷ್ಟು ದಿನದಿಂದ ಇದು?"

"ಜಾಸ್ತಿ ಏನಿಲ್ಲ. ಹೊಸ ಶೂ ಕಚ್ಚಿತ್ತು. ನೋವೇ ಇಲ್ಲ ಕಣೇ, ಪರವಾಗಿಲ್ಲ."

"ನೋವಿಲ್ಲ ಅನ್ನೋದೇ ನಂಗೆ ಭಯ. ಸಕ್ಕರೆ ಏರಿದ್ರೆ ಕಾಲಿಗೆ ನೋವೇ ತಿಳಿಯಲ್ಲ" ಎಂದು ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಮುನ್ನೂರ ನಲವತ್ತು. "ಮಾತ್ರೆ ತಗೋತಿದೀರಾ ಆರ್ಡಿಸ್?"

ಆರ್ಡಿಸ್ ಕಾಫಿ ಲೋಟದ ಒಳಗೆ ನೋಡಿದರು. ಗಂಡ ಮರ್ಲ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವರೇ ಬಾಯಿ ಬಿಟ್ಟರು.

"ಮಾತ್ರೆ ಬಿಟ್ಟು ಎರಡು ತಿಂಗಳಾಯ್ತು. ಈಗ ಅದೇನೋ ಹನಿ ಔಷಧಿ. ಬೆಳಿಗ್ಗೆ ನಾಲಿಗೆ ಕೆಳಗೆ ಹತ್ತು ತೊಟ್ಟು. ರೇಡಿಯೋದಲ್ಲಿ ಜಾಹೀರಾತು ಬಂತು, ಇವಳು ತರಿಸಿದ್ಲು."

"ಜಾಹೀರಾತು ಅಲ್ಲ" ಎಂದರು ಆರ್ಡಿಸ್. "ವರ್ಲಿನ್ ಹೇಳಿದ್ದು."

ಇದನ್ನು ಓದುತ್ತಿರುವ ನೀವು ಈ ಕೌಂಟಿಯವರಾದರೆ ವರ್ಲಿನ್ ಹಾಗೆನ್ ಯಾರೆಂದು ನಾನು ಹೇಳಬೇಕಾಗಿಲ್ಲ. ಹೊಸಬರಿಗಾಗಿ ಹೇಳುತ್ತೇನೆ. ನಮ್ಮ ರೇಡಿಯೋದಲ್ಲಿ ನಲವತ್ತೊಂದು ವರ್ಷ ಮಾತಾಡಿದವರು. ಬೆಳಿಗ್ಗೆ ದನದ ಧಾರಣೆ, ಆಮೇಲೆ ತೀರಿಹೋದವರ ಹೆಸರು, ಆಮೇಲೆ ಊರಿನ ಅಂಗಡಿಗಳ ಜಾಹೀರಾತು. ಒಂಬತ್ತೂವರೆಗೆ ಕೊಡು-ಕೊಳ್ಳು ಕಾರ್ಯಕ್ರಮ. ಹಳೇ ಸೋಫಾ ಮಾರುವವರು, ಬೆಕ್ಕಿನ ಮರಿ ಕೊಡುವವರು, ಟ್ರ್ಯಾಕ್ಟರಿನ ಚಕ್ರ ಬೇಕಾದವರು, ಎಲ್ಲರೂ ಫೋನ್ ಮಾಡುತ್ತಿದ್ದರು. ಕೊನೆಗೆ ವರ್ಲಿನ್ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು: "ಜನ ಯಾವ ನಂಬರಿಗೆ ಫೋನ್ ಮಾಡ್ಬೇಕು?"

ನನ್ನ ಬಾಲ್ಯದ ಬೆಳಗುಗಳೆಲ್ಲ ಆ ದನಿಯಲ್ಲೇ ಇವೆ. ಅಮ್ಮ ಓಟ್ಸ್ ಗಂಜಿ ತಿರುವುತ್ತಿದ್ದಳು, ಕಿಟಕಿಯ ಗಾಜಿನ ಮೇಲೆ ಮಂಜು ಕಟ್ಟಿರುತ್ತಿತ್ತು. ಇಂಗ್ವಾಲ್ಡ್ ಅಂಗಡಿಗೆ ಹಿಮದ ಬೂಟು ಬಂದಿದೆ ಎಂದು ವರ್ಲಿನ್ ಹೇಳಿದರೆ ಶನಿವಾರ ನಾವು ಮೂವರು ಮಕ್ಕಳೂ ಅಲ್ಲಿ ಸಾಲಾಗಿ ಕೂತಿರುತ್ತಿದ್ದೆವು. ಗುರುವಾರ ಬೇಕರಿಯಲ್ಲಿ ರೈ ಬ್ರೆಡ್ ಎಂದರೆ ಬಾಯಲ್ಲಿ ನೀರು. ಒಂದು ಸಲ ನನ್ನ ಬೂಟು ಸೋರಿತು. ಅಪ್ಪ ಭಾನುವಾರ ಇದೇ ಚರ್ಚಿನ ಮೆಟ್ಟಿಲ ಮೇಲೆ ಇಂಗ್ವಾಲ್ಡ್ ಎದುರಿಗೆ ನನ್ನ ಒದ್ದೆ ಕಾಲುಚೀಲ ಎತ್ತಿ ಹಿಡಿದರು. ಏನೂ ಹೇಳಲಿಲ್ಲ, ಹಿಡಿದರು ಅಷ್ಟೆ. ಸೋಮವಾರ ಬೇರೆ ಬೂಟು ಬಂತು. ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಬೆಚ್ಚಗಾಗುತ್ತದೆ. ಜಾಹೀರಾತು ಎಂದರೆ ನಮಗೆ ನಮ್ಮವರ ಸುದ್ದಿಯಾಗಿತ್ತು.

ವರ್ಲಿನ್‌ಗೆ ಒಂದು ನೇಮವಿತ್ತು. ಮನೆಯಲ್ಲಿ ಬಳಸಿ ನೋಡಿದ ವಸ್ತುವಾದರೆ ಮಾತ್ರ ಕೊನೆಯಲ್ಲಿ "ನಮ್ಮ ಮನೇಲೂ ಇದೇ" ಎನ್ನುತ್ತಿದ್ದರು. ಹೆಂಡತಿ ಬರ್ನೀಸ್ ಒಪ್ಪದ ಸೋಪಿಗೆ ಆ ಮಾತು ಸಿಗುತ್ತಿರಲಿಲ್ಲ. ಅವರು ನಿವೃತ್ತರಾಗಿ ಆರು ವರ್ಷ. ಬರ್ನೀಸ್ ತೀರಿಕೊಂಡು ಐದು. ಹೋದ ಆಗಸ್ಟಿನಲ್ಲಿ ಇದ್ದಕ್ಕಿದ್ದಂತೆ ಆ ದನಿ ಮತ್ತೆ ಬಂತು, ಎಲ್ಲೋ ದೂರದ ಕಂಪನಿಯೊಂದರ ಹನಿ ಔಷಧಿಗೆ.

"ಏನಂತ ಹೇಳಿದ್ರು ಸರಿಯಾಗಿ ಹೇಳಿ" ಎಂದೆ.

"'ದಿನಾ ಬೆಳಿಗ್ಗೆ ನಾನು ಇದನ್ನೇ ತಗೋತೀನಿ, ಮಾತ್ರೆ ಡಬ್ಬಿ ಎಲ್ಲ ಬಿಸಾಕಿದೀನಿ, ನಮ್ಮ ಮನೇಲೂ ಇದೇ' ಅಂದ. ವರ್ಲಿನ್ ಹೇಳಿದ ಮೇಲೆ ಮುಗೀತಲ್ಲ."

ಮರ್ಲ್ ಗೊಣಗಿದರು. "ಜಾಹೀರಾತು ಅಂದ್ರೇನೇ ಸುಳ್ಳು. ನಾನಂತೂ ಟಿವಿಲಿ ಬಂದ ತಕ್ಷಣ ಸದ್ದು ತೆಗೆದ್ಬಿಡ್ತೀನಿ. ಒಂದನ್ನೂ ನಂಬಲ್ಲ."

"ತಲೆ ಮೇಲೆ ಇರೋದೇನು ಮತ್ತೆ?" ಎಂದರು ಆರ್ಡಿಸ್.

ಮರ್ಲ್ ತಲೆಯ ಮೇಲೆ ಜೋಳದ ಬೀಜದ ಕಂಪನಿಯ ಹೆಸರು ಬರೆದ ಟೋಪಿ ಇತ್ತು. ಹತ್ತು ವರ್ಷದಿಂದ ಅದೇ ಟೋಪಿ.

"ಇದು ಪುಕ್ಕಟೆ ಕೊಟ್ಟಿದ್ದು."

"ಪುಕ್ಕಟೆ ನೀನು ಅವರ ಜಾಹೀರಾತು ಹೊತ್ಕೊಂಡು ತಿರುಗ್ತಾ ಇದೀಯ. ಸುಮ್ನಿರು."

ನನ್ನ ಅಭಿಪ್ರಾಯ ಇವರಿಬ್ಬರದ್ದೂ ಅಲ್ಲ. ಎಲ್ಲ ಜಾಹೀರಾತೂ ಸುಳ್ಳು ಎಂದರೆ ಇಂಗ್ವಾಲ್ಡ್‌ಗೆ ಅನ್ಯಾಯ ಮಾಡಿದ ಹಾಗೆ. ಎಲ್ಲವೂ ನಿಜ ಎಂದರೆ ಆರ್ಡಿಸ್ ಕಾಲು ಹೋಗುತ್ತದೆ.

"ಭಾನುವಾರ ಭಾನುವಾರ ವರ್ಲಿನ್ ಜೊತೆ ಒಂದೇ ಮೇಜಲ್ಲಿ ಕಾಫಿ ಕುಡೀತೀರಲ್ಲ" ಎಂದೆ. "ಒಂದು ಸಲ ಕೇಳಬಹುದಿತ್ತಲ್ವಾ, ನೀನು ನಿಜವಾಗ್ಲೂ ತಗೋತೀಯಾ ಅಂತ?"

ಆರ್ಡಿಸ್ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ನಾನು ಚರ್ಚಿನಲ್ಲಿ ಕೆಟ್ಟ ಮಾತಾಡಿದ ಹಾಗಿತ್ತು. "ಹಾಗೆಲ್ಲ ಮುಖದ ಮೇಲೆ ಕೇಳೋಕಾಗತ್ತೇನೇ? ಸುಳ್ಳುಗಾರ ಅಂದ ಹಾಗೆ ಆಗಲ್ವಾ?"

ಇದು ನಮ್ಮವರ ರೋಗ. ಸಕ್ಕರೆಗಿಂತ ಹಳೆಯದು. ನೆರೆಯವನಿಗೆ ಬೇಸರವಾಗಬಾರದು ಎಂದು ನಾವು ಏನನ್ನೂ ಕೇಳುವುದಿಲ್ಲ. ಇನ್ನೊಂದು ತುಂಡು ಕೇಕ್ ಬೇಕೆಂದರೂ ಕೇಳುವುದಿಲ್ಲ.

ನನ್ನ ಬಲಗಡೆ ಎರಡನೆಯ ಬೇಸಿನ್ನಿನಲ್ಲಿ ಆಗಲೇ ಎರಡು ಉದ್ದನೆಯ ಕಾಲುಗಳು ನೆನೆಯುತ್ತಿದ್ದವು; ಆರ್ಡಿಸ್ ಅತ್ತ ನೋಡಿರಲಿಲ್ಲ. ನಾನು ಬೇಕೆಂದೇ ಅತ್ತ ತಿರುಗಿದೆ. ವರ್ಲಿನ್ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಕೇಳಿಸದವರ ಹಾಗೆ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ಎದ್ದು ಹೋಗೋಣವೆಂದರೆ ಕಾಲು ನೀರಲ್ಲಿತ್ತು, ಟವೆಲ್ಲು ನನ್ನ ಹೆಗಲ ಮೇಲಿತ್ತು.

"ವರ್ಲಿನ್, ನಿಮಗೆ ಸಕ್ಕರೆ ಕಾಯಿಲೆ ಇದೆಯಾ?"

"ಇಲ್ಲಮ್ಮ."

"ಆ ಹನಿ ಔಷಧಿ ತಗೋತೀರಾ?"

ವರ್ಲಿನ್ ಆರ್ಡಿಸ್‌ರ ಕಾಲು ನೋಡಿದರು. ನೋಡಬಾರದ್ದನ್ನು ನೋಡಿದವರ ಹಾಗೆ ಕಣ್ಣು ತೆಗೆದರು.

"ಬಾಟ್ಲಿ ಬಿಚ್ಚೇ ಇಲ್ಲ. ಫ್ರಿಜ್ ಮೇಲಿದೆ. ಅವರು ಬರೆದು ಕಳಿಸಿದ್ರು, ನಾನು ಓದಿದೆ."

"'ನಮ್ಮ ಮನೇಲೂ ಇದೇ' ಅಂತ ಅವರು ಬರೆದಿದ್ರಾ?" ಎಂದು ಆರ್ಡಿಸ್ ಕೇಳಿದರು. ಎಪ್ಪತ್ತಮೂರು ವರ್ಷದಲ್ಲಿ ಅವರು ಯಾರಿಗಾದರೂ ಮುಖದ ಮೇಲೆ ಹಾಕಿದ ಮೊದಲ ಪ್ರಶ್ನೆ ಅದೇ ಇರಬೇಕು.

"ಬರೆದಿದ್ರು. ಹಳೇ ಜಾಹೀರಾತು ಕೇಳ್ಕೊಂಡು ಬರೆದಿದ್ರೇನೋ." ವರ್ಲಿನ್ ದನಿ ರೇಡಿಯೋದ ದನಿಯಾಗಿರಲಿಲ್ಲ. "ಮನೆಗೇ ಮೈಕ್ ತಂದ್ರು ಆರ್ಡಿಸ್. ಅಡುಗೆಮನೆ ಮೇಜಿನ ಮೇಲಿಟ್ರು. ಆರು ವರ್ಷದಿಂದ ಒಬ್ರೂ ನನ್ನ ಮಾತು ಕೇಳಿರಲಿಲ್ಲ. ಬರ್ನೀಸ್ ಇದ್ದಿದ್ರೆ ಆ ಸಾಲನ್ನ ಹೊಡೆದು ಹಾಕ್ತಿದ್ಲು."

ಆರ್ಡಿಸ್ ಕಾಫಿ ಲೋಟ ಕೆಳಗಿಟ್ಟರು. ಕೊನೆಗೆ ಕೇಳಿದರು, "ಮತ್ತೆ ಆ ರೈ ಬ್ರೆಡ್?"

"ಅದನ್ನ ತಿಂದಿದೀನಿ. ಪ್ರತಿ ಗುರುವಾರ. ದೇವರಾಣೆ."

"ಅಷ್ಟಾದ್ರೂ ಆಯ್ತಲ್ಲ" ಎಂದು ಆರ್ಡಿಸ್ ಕಣ್ಣೊರೆಸಿಕೊಂಡರು.

ಮರ್ಲ್ ಆ ಮಧ್ಯಾಹ್ನವೇ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಇನ್ನು ಎರಡು ವಾರ ತಡವಾಗಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತಿತ್ತು ಎಂದರು ಡಾಕ್ಟರು. ಮಾತ್ರೆ ಮತ್ತೆ ಶುರುವಾಯಿತು, ದಿನಾ ಗಾಯ ತೊಳೆದು ಪಟ್ಟಿ, ಬಲಗಾಲಿನ ಮೇಲೆ ಭಾರ ಹಾಕುವಂತಿಲ್ಲ. ಆ ಔಷಧಿ ಮುಟ್ಟಿಯೇ ಇಲ್ಲ ಅಂತ ರೇಡಿಯೋದಲ್ಲಿ ಹೇಳಿ ಎಂದು ವರ್ಲಿನ್‌ಗೆ ನಾನು ಅಂದೇ ಹೇಳಿದೆ. "ನೋಡೋಣ" ಎಂದರು. ನಮ್ಮ ಕಡೆ ನೋಡೋಣ ಎಂದರೆ ಇಲ್ಲ ಎಂದರ್ಥ. ಆ ಜಾಹೀರಾತು ದಿನಕ್ಕೆ ನಾಲ್ಕು ಸಲ ಬರುತ್ತಲೇ ಇತ್ತು. ನನಗೆ ಅವರ ಮೇಲೆ ಕೋಪ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಕ್ರಿಸ್‌ಮಸ್ ಬಂತು. ಆರ್ಡಿಸ್ ಆರ್ಗನ್ ಮುಂದೆ ಕೂತರು, ಕಾಲಿಗೆ ಪಟ್ಟಿ ಸುತ್ತಿಕೊಂಡು. ಕೈಯಿಂದ ಮಾತ್ರ ನುಡಿಸಿದರು. ಹಾಡು ಅದೇ, ರಾಗ ಅದೇ, ಆದರೆ ಅಡಿಪಾಯ ಇರಲಿಲ್ಲ. ಚಿಕ್ಕಂದಿನಿಂದ ಬೆಂಚಿನ ಮರದ ಮೂಲಕ ನಮ್ಮ ಬೆನ್ನಿಗೆ ಬಂದು ತಾಗುತ್ತಿದ್ದ ಆ ಗುಂಯ್ ಎನ್ನುವ ಸ್ವರ ಬರಲೇ ಇಲ್ಲ. ಇಡೀ ಚರ್ಚಿಗೆ ಅದು ಗೊತ್ತಾಯಿತು. ಐವತ್ತನೆಯ ವರ್ಷಕ್ಕೆಂದು ತಂದಿದ್ದ ಕೇಕನ್ನು ತಿನ್ನುತ್ತ "ಚೆನ್ನಾಗಿತ್ತು" ಎಂದರು ಎಲ್ಲರೂ. ವರ್ಲಿನ್ ಕೇಕ್ ಮುಟ್ಟದೆ ಮನೆಗೆ ಹೋದರು.

ಹಬ್ಬ ಕಳೆದು ಕೊಡು-ಕೊಳ್ಳು ಮತ್ತೆ ಶುರುವಾದ ಬೆಳಿಗ್ಗೆ ನಾನು ಕಾರಿನಲ್ಲಿದ್ದೆ. ಈಗ ಅದನ್ನು ನಡೆಸುವುದು ಡಾನಿಕಾ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಹಿಮ ತೆಗೆಯುವ ಯಂತ್ರ ಮಾರುವವರೊಬ್ಬರು ಮಾತು ಮುಗಿಸಿದರು. ಆಮೇಲೆ ಬಂದ ದನಿ ಕೇಳಿ ಕಾರು ಪಕ್ಕಕ್ಕೆ ನಿಲ್ಲಿಸಿದೆ.

"ನಾನು ವರ್ಲಿನ್ ಹಾಗೆನ್. ಮಾರೋದಕ್ಕೆ ಏನಿಲ್ಲ. ಒಂದು ಮಾತು ವಾಪಸ್ ತಗೋಬೇಕಿತ್ತು."

"ಹೇಳಿ ವರ್ಲಿನ್."

"ಸಕ್ಕರೆ ಕಾಯಿಲೆಗೆ ಹನಿ ಔಷಧಿ ಅಂತ ನನ್ನ ದನಿ ಬರ್ತಾ ಇದೆಯಲ್ಲ, ಅದನ್ನ ನಾನು ನಾಲಿಗೆಗೂ ಹಚ್ಚಿಲ್ಲ. ನಂಗೆ ಆ ಕಾಯಿಲೆನೇ ಇಲ್ಲ. ನಮ್ಮ ಮನೇಲೂ ಇದೇ ಅಂದಿದ್ದು ಸುಳ್ಳು. ನನ್ನ ಮಾತು ಕೇಳಿ ಯಾರಾದ್ರೂ ಮಾತ್ರೆ ಬಿಟ್ಟಿದ್ರೆ ಇವತ್ತೇ ಡಾಕ್ಟರ ಹತ್ರ ಹೋಗಿ. ನಾಳೆ ಅನ್ಬೇಡಿ."

ಪಾಪ, ಡಾನಿಕಾ ದಿನವೂ ಕೇಳುವ ಪ್ರಶ್ನೆಯನ್ನೇ ಕೇಳಿಬಿಟ್ಟಳು.

"ಜನ ಯಾವ ನಂಬರಿಗೆ ಫೋನ್ ಮಾಡ್ಬೇಕು?"

ವರ್ಲಿನ್ ತಮ್ಮ ಮನೆಯ ನಂಬರು ಕೊಟ್ಟರು. ಒಂದೊಂದೇ ಅಂಕಿ, ನಿಧಾನವಾಗಿ, ಎರಡು ಸಲ. ನಾನು ಕಾರಿನಲ್ಲಿ ಕೂತು ಅತ್ತುಬಿಟ್ಟೆ.

ಆ ವಾರ ಅವರ ಮನೆಗೆ ಒಂಬತ್ತು ಜನ ಫೋನ್ ಮಾಡಿದರು. ನಾಲ್ವರು ಬೈದರು. ಇಬ್ಬರು ಮಾತ್ರೆ ಬಿಟ್ಟವರು, ಅವರನ್ನು ವರ್ಲಿನ್ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಉಳಿದ ಮೂವರು ಸುಮ್ಮನೆ ಆ ದನಿ ಕೇಳಬೇಕೆಂದು ಮಾಡಿದ್ದರಂತೆ. ರೇಡಿಯೋದವರು ಆ ಜಾಹೀರಾತು ನಿಲ್ಲಿಸಿದರು. ಈಸ್ಟರ್ ದಿನ ಆರ್ಡಿಸ್ ಹಳೆಯ, ಮೆತ್ತನೆಯ ಶೂ ಹಾಕಿಕೊಂಡು ಬಂದರು, ಹತ್ತೂ ಬೆರಳೂ ಒಳಗಿದ್ದವು. ಮೊದಲ ಹಾಡಿನಲ್ಲೇ ಬೆಂಚು ಗುಂಯ್ ಎಂದಿತು. ಮರ್ಲ್ ತೊಡೆಯ ಮೇಲಿದ್ದ ಟೋಪಿ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಈಗ ನಿಮಗೊಂದು ಮಾತು. ನಿಮ್ಮ ಅಡುಗೆಮನೆಯಲ್ಲೂ ಒಂದು ದನಿ ಇರುತ್ತದೆ, ರೇಡಿಯೋದಲ್ಲೋ ಫೋನಿನಲ್ಲೋ. ಬಹಳ ವರ್ಷದ ಪರಿಚಯದ ದನಿಯೇ ಇರಬಹುದು. ಪ್ರೀತಿಯಿಂದ ಕೇಳಿ, ಬೇಡವೆನ್ನುವುದಿಲ್ಲ. ಆದರೆ ಬೂಟು ಸೋರಿದರೆ ಒದ್ದೆ ಕಾಲುಚೀಲವನ್ನು ಯಾರ ಮುಂದೆ ಎತ್ತಿ ಹಿಡಿಯುತ್ತೀರಿ ಎಂದು ಕೊಳ್ಳುವ ಮೊದಲೇ ಯೋಚಿಸಿ. ಯಾವ ಜಾಹೀರಾತು ಏನೇ ಹೇಳಲಿ, ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಹೊಸ ಬಾಟಲಿ ತಂದಿದ್ದರೆ ಮೊದಲು ನನಗೆ ತಂದು ತೋರಿಸಿ. ನಾನು ಬೈಯುವುದಿಲ್ಲ. ಮತ್ತು ಎದುರಿಗೆ ಕೂತು ಕಾಫಿ ಕುಡಿಯುತ್ತಿರುವವರನ್ನು ಕೇಳಿ, ನೀನು ಇದನ್ನು ನಿಜವಾಗಿ ಬಳಸುತ್ತೀಯಾ ಎಂದು. ಅವರಿಗೆ ಬೇಸರವಾದರೆ ಆಗಲಿ. ಬೇಸರ ಒಂದು ವಾರಕ್ಕೆ ಹೋಗುತ್ತದೆ.

ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತರಿಂದ, ಚರ್ಚಿನ ನೆಲಮಾಳಿಗೆ. ನೀರು ಬೆಚ್ಚಗಿರುತ್ತದೆ. ಈಗ ಟವೆಲ್ಲು ಮಡಚುವವರು ವರ್ಲಿನ್. ಏನು ಬೇಕಾದರೂ ಕೇಳಿ, ಹೇಳುತ್ತಾರೆ.