ಬೀಗ ಹಾಕಿದ ಮನೆಗಳ ಮಕ್ಕಳು

ಜನಗಣತಿ ಕಚೇರಿಯಲ್ಲಿ ಅವಳ ಅಡ್ಡಹೆಸರು ಅಂದಾಜಕ್ಕ. ಒಂದು ಬೀದಿಯ ಹತ್ತೇ ಹತ್ತು ಮನೆ ವಿಚಾರಿಸಿದರೆ ಸಾಕು, ಇಡೀ ಬೀದಿಯಲ್ಲಿ ಮುದುಕರೆಷ್ಟು, ಮಕ್ಕಳೆಷ್ಟು ಎಂದು ಹೇಳಿಬಿಡುತ್ತಿದ್ದಳು. ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು. ಆ ಜಂಬವೂ ತುಸು ಇತ್ತೆನ್ನಿ.

ಜಂಬ ಇಳಿಸಿದವಳು ಸ್ವಂತ ಚಿಕ್ಕಮ್ಮ. ಸೇತುವೆಯಾಚೆಯ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಶಿಶುವಿಹಾರ ನಡೆಸುತ್ತಿದ್ದವಳು, ಒಂದು ಮಧ್ಯಾಹ್ನ ಕಚೇರಿಗೇ ನುಗ್ಗಿ ಮೇಜಿನ ಮೇಲೆ ಕಾಗದ ಬಡಿದಳು.

“ಏನೇ ಇದು? ನಮ್ಮ ಬೀದೀಲಿ ಚಿಕ್ಕ ಮಕ್ಕಳು ನಾಲ್ಕೇ ಅಂತೆ! ಸೋಮವಾರ ಶಿಶುವಿಹಾರ ಬೇರೆ ಬಡಾವಣೆಗೆ ಎತ್ತಂಗಡಿಯಂತೆ! ನನ್ನ ಬೆನ್ನ ಮೇಲೇ ನಾಲ್ಕು ಹತ್ತಿರ್ತಾವಲ್ಲೇ!”

“ಬೇರೆ ಬೀದಿಯವರೂ ತಂದು ಬಿಡ್ತಾರೇನೋ ಚಿಕ್ಕಮ್ಮ. ಲೆಕ್ಕ ಸುಳ್ಳು ಹೇಳಲ್ಲ.”

“ನಿನ್ನ ಲೆಕ್ಕಕ್ಕಿಷ್ಟು ಬೆಂಕಿ ಹಾಕ!”

ಅಂದಾಜಕ್ಕನಿಗೆ ಒಳಗೊಳಗೇ ಕಸಿವಿಸಿಯಾಯಿತು. ಆ ಬೀದಿಯ ಹತ್ತು ಹಾಳೆ ತೆಗೆದು ನೋಡಿದಳು. ಒಂಬತ್ತರಲ್ಲಿ ಬರೀ ಅಜ್ಜ ಅಜ್ಜಿಯರು. ಏಳು ಹಾಳೆಗಳ ಮೂಲೆಯಲ್ಲಿ ಸಣ್ಣಗೆ, ‘ಬೀಗ ಹಾಕಿತ್ತು, ಪಕ್ಕದ ಮನೆ’ ಎಂದಿತ್ತು. ಮನೆಮನೆ ಸುತ್ತಿದ್ದ ಗಣತಿದಾರನನ್ನು ಚಿಕ್ಕಮ್ಮನ ಎದುರಿಗೇ ಕರೆಸಿದಳು.

“ನಾನೇನು ಮಾಡ್ಲಿ ತಾಯಿ?” ಎಂದ ಆತ. “ಬೀಗ ಇದ್ರೆ ಪಕ್ಕದ ಮನೆಗೆ ಹೋಗಿ ಅಂತ ನಿಯಮ ಬರೆದೋರು ನೀವೇ ತಾನೆ? ಹಗಲು ಹನ್ನೊಂದಕ್ಕೆ ಬಾಗಿಲು ತೆಗೆಯೋರು ಮುದುಕರೇ. ಬೀಗದ ಮನೆಯವರು ಗಂಡ ಹೆಂಡತಿ ಇಬ್ರೂ ಕೆಲಸಕ್ಕೆ ಹೋಗಿರ್ತಾರೆ.”

“ಮತ್ತೆ ಮಕ್ಕಳು?”

“ಅಯ್ಯೋ ನನ್ನ ಕರ್ಮವೇ!” ಚಿಕ್ಕಮ್ಮ ಹಣೆ ಬಡಿದುಕೊಂಡಳು. “ನನ್ನ ಹತ್ರ ಇರ್ತಾವೆ ಕಣೇ! ನಾನು ನೋಡ್ಕೋತೀನಿ ಅಂತಾನೇ ಅವರು ಬೀಗ ಹಾಕ್ಕೊಂಡು ಹೋಗೋದು!”

ಅಂದಾಜಕ್ಕನ ಮುಖ ಸಪ್ಪಗಾಯಿತು. ಚಿಕ್ಕಮ್ಮ ಅಷ್ಟು ಚೆನ್ನಾಗಿ ನೋಡಿಕೊಂಡದ್ದಕ್ಕೇ ಆ ಮಕ್ಕಳು ಲೆಕ್ಕಕ್ಕೆ ಸಿಕ್ಕಿರಲಿಲ್ಲ. ತಪ್ಪು ಬೇರೆ ಯಾರದೂ ಅಲ್ಲ, ತನ್ನದೇ.

ಅವತ್ತೇ ಸಂಜೆ ಗಣತಿದಾರನೊಂದಿಗೆ ಬೀಗ ಹಾಕಿದ್ದ ಆ ಏಳು ಮನೆಗಳ ಬಾಗಿಲು ತಟ್ಟಿದಳು. ಒಂದೊಂದು ಬಾಗಿಲು ತೆರೆದಾಗಲೂ ಗುಲ್ಲೋ ಗುಲ್ಲು. ಹೊಸ ಅಂದಾಜು ಐವತ್ತಮೂರಕ್ಕೆ ಬಂತು. ಮರುದಿನ ಸಾಹೇಬರ ಮುಂದೆ ತಪ್ಪೊಪ್ಪಿಕೊಂಡಳು. ಬೈಸಿಕೊಂಡಳು, ಎತ್ತಂಗಡಿಯನ್ನೂ ರದ್ದು ಮಾಡಿಸಿದಳು.

ಸೋಮವಾರ ಶಿಶುವಿಹಾರಕ್ಕೆ ಹೋಗಿ ಸುದ್ದಿ ಹೇಳಿದಾಗ ಚಿಕ್ಕಮ್ಮನ ಕಣ್ಣು ತುಂಬಿ ಬಂತು. ತೋರಗೊಡದೆ, ಒಂದು ಗುಂಡನೆಯ ಮಗುವನ್ನೆತ್ತಿ ಅವಳ ಮಡಿಲಿಗೆ ಹಾಕಿದಳು.

“ಹಿಡ್ಕೋ. ಇದು ಅಂದಾಜಲ್ಲ, ನಿಜವಾದ್ದು.”

ನಿಜವಾದ್ದೇ. ಎರಡೇ ನಿಮಿಷದಲ್ಲಿ ಅಂದಾಜಕ್ಕನ ಮಡಿಲು ಒದ್ದೆಯಾಯಿತು.