ಕಿಟಕಿ ಮಾಮನ ನಿದ್ದೆ

ಎರಡನೇ ಕ್ಲಾಸಿನ ಮಕ್ಕಳು ತಮ್ಮ ಟೀಚರಿಗೆ ಇಟ್ಟ ಹೆಸರು ಗೋಂದು ಮಿಸ್. ಇಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಕೆಯ ತೋಳಿನ ತುದಿಯಲ್ಲೋ ಜಡೆಯ ತುದಿಯಲ್ಲೋ ಯಾವಾಗಲೂ ಒಂದಿಷ್ಟು ಗೋಂದು ಒಣಗಿರುತ್ತಿತ್ತು. ಒಮ್ಮೆಯಂತೂ ಹಳದಿ ಕಾಗದದ ಬಾತುಕೋಳಿಯೊಂದು ಆಕೆಯ ಬೆನ್ನಿಗೆ ಅಂಟಿಕೊಂಡು ಮಧ್ಯಾಹ್ನದವರೆಗೂ ಶಾಲೆಯೆಲ್ಲ ಸುತ್ತಾಡಿಕೊಂಡು ಬಂದಿತ್ತು.

ಆ ವಾರ ದೊಡ್ಡ ಮೇಡಂ, ಎಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ, ಎಲ್ಲ ಕ್ಲಾಸಿಗೂ ಒಂದೇ ಕೆಲಸ ಹಚ್ಚಿದ್ದರು: ಮಕ್ಕಳಿಗೆ ಕೃತಜ್ಞತೆ ಕಲಿಸಿ. ಹೇಗೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಗೋಂದು ಮಿಸ್ ಬಣ್ಣದ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಂಚಿದಳು. "ನಿಮಗೆ ಯಾರು ಸಹಾಯ ಮಾಡಿದ್ದಾರೋ ಅವರ ಹೆಸರು ಬರೀರಿ. ಆಮೇಲೆ ಬಳೆ ಥರ ಅಂಟಿಸಿ, ಒಂದರೊಳಗೊಂದು ಸೇರಿಸಿ ಸರಪಳಿ ಮಾಡೋಣ."

ಸರಪಳಿ ನೋಡುವುದಕ್ಕೇನೋ ಚೆನ್ನಾಗಿಯೇ ಬಂತು. ಓದಿದರೆ ಮಾತ್ರ ಆಕೆಯ ಮುಖ ಸಪ್ಪಗಾಯಿತು. ಅಮ್ಮ, ಮಿಸ್, ಅಮ್ಮ, ಮಿಸ್, ಅಪ್ಪ, ಮಿಸ್, ಮಿಸ್. ನಡುವೆ ಒಬ್ಬ ಹುಡುಗ 'ಜ್ವರ' ಎಂದು ಬರೆದಿದ್ದ. ಏನಪ್ಪಾ ಇದು ಎಂದರೆ, ಜ್ವರ ಬಂದದ್ದರಿಂದಲೇ ತನಗೆ ಲೆಕ್ಕದ ಪರೀಕ್ಷೆ ತಪ್ಪಿದ್ದು, ಅಷ್ಟು ದೊಡ್ಡ ಸಹಾಯ ಇನ್ಯಾರೂ ಮಾಡಿಲ್ಲ ಎಂದ. ಇಡೀ ಸರಪಳಿಯಲ್ಲಿ ಮನಸ್ಸಿನಿಂದ ಬಂದ ಬಳೆ ಅದೊಂದೇ ಎಂದು ಗೋಂದು ಮಿಸ್‌ಗೆ ಅನ್ನಿಸಿತು. ಉಳಿದವರೆಲ್ಲ ಅವಳ ಮುಖ ನೋಡಿಕೊಂಡು ಬೆಣ್ಣೆ ಹಚ್ಚಿದ್ದರು.

ಹೀಗಾದರೆ ಆಗಲಿಲ್ಲ ಎಂದುಕೊಂಡು ಅವಳು ಪಾಠವನ್ನೇ ತಿರುವಿ ಹಾಕಿದಳು. "ಬೆಳಿಗ್ಗೆ ನೀವು ಏನು ತಿಂದ್ರಿ, ಏನು ಹಾಕ್ಕೊಂಡ್ರಿ, ಯಾವುದರಲ್ಲಿ ಬಂದ್ರಿ? ಅದರ ಹಿಂದೆ ಯಾರಿದ್ದಾರೆ? ಅವರ ಹಿಂದೆ ಯಾರು? ಕೇಳ್ಕೊಂಡು ಬನ್ನಿ."

ಕೇಳಿಕೊಂಡು ಬರುವ ಕೆಲಸಕ್ಕೆಂದೇ ಹುಟ್ಟಿದ ಹುಡುಗಿಯೊಬ್ಬಳು ಆ ಕ್ಲಾಸಿನಲ್ಲಿದ್ದಳು. ಬಾಯಿ ತೆರೆದರೆ 'ಯಾಕೆ' ಎನ್ನುತ್ತಿದ್ದುದರಿಂದ ಅವಳನ್ನು ಎಲ್ಲರೂ ಯಾಕಮ್ಮ ಎಂದೇ ಕರೆಯುತ್ತಿದ್ದರು. ಮಾರನೇ ದಿನ ಅವಳು ಓಡಿಕೊಂಡೇ ಬಂದು, ಬ್ಯಾಗನ್ನೂ ಇಳಿಸದೆ ಎಲ್ಲರ ಮುಂದೆ ನಿಂತಳು.

"ನಾನು ಬೆಳಿಗ್ಗೆ ಬ್ರೆಡ್ ತಿಂದೆ. ಬ್ರೆಡ್ ಕೊಟ್ಟಿದ್ದು ಅಂಗಡಿ ಮಾಮ. ನಿಮಗೆ ಯಾರು ಕೊಟ್ರು ಅಂತ ಕೇಳ್ದೆ, ವ್ಯಾನ್‌ನೋರು ಅಂದ್ರು. ವ್ಯಾನ್‌ನೋರಿಗೆ ಯಾರು ಕೊಟ್ರು ಅಂದೆ. ಬೇಕರಿಯೋರು. ಬೇಕರೀಲಿ ಮಾಡೋದು ಯಾರು ಅಂದೆ. ಅಷ್ಟು ಹೊತ್ತಿಗೆ ಅವರಿಗೆ ಸುಸ್ತಾಗಿತ್ತು. ನಿಮ್ಮ ಸ್ಕೂಲ್ ಎದುರು ಮನೆ ಕಿಟಕಿಯಿಂದ ಕೂಗ್ತಾರಲ್ಲ, ಅವರೇ ಕಣಮ್ಮ ಅಂದ್ರು. ರಾತ್ರಿಯೆಲ್ಲ ಒಲೆ ಮುಂದೆ ನಿಂತು ಬೆಳಿಗ್ಗೆ ಬಂದು ಮಲಗ್ತಾರಂತೆ."

ಮಕ್ಕಳ ತಲೆಯೆಲ್ಲ ಒಟ್ಟಿಗೇ ಕಿಟಕಿಯ ಕಡೆ ತಿರುಗಿತು. ಓಣಿಯಾಚೆಯ ಮನೆಯ ಮಹಡಿಯಲ್ಲಿದ್ದ ಆ ಹಸಿರು ಕಿಟಕಿ ಅವರಿಗೆ ಗೊತ್ತಿರದ್ದೇನಲ್ಲ. ದಿನವೂ ಮಗ್ಗಿ ಹೇಳುವ ಹೊತ್ತಿಗೆ ಅದು ಧಡಾರನೆ ತೆರೆದುಕೊಂಡು, ಕೆದರಿದ ತಲೆಯೊಂದು ಹೊರಬಂದು, "ಮನುಷ್ಯರು ಮಲಗಬೇಕೋ ಬೇಡವೋ, ಸ್ವಲ್ಪ ಬಾಯಿ ಮುಚ್ಕೊಳ್ರಪ್ಪಾ" ಎಂದು ಗದರಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮಕ್ಕಳ ಪಾಲಿಗೆ ಅವರು ಕಿಟಕಿ ಮಾಮ. ಗೋಂದು ಮಿಸ್ ಮಾತ್ರ ಮನಸ್ಸಿನಲ್ಲೇ ಅವರಿಗೆ ಸೋಮಾರಿ ಎಂಬ ಹೆಸರಿಟ್ಟು, ಹೊಟ್ಟೆ ತುಂಬಿದವರಿಗಷ್ಟೇ ಹಗಲು ನಿದ್ದೆ ಎಂದು ಎಷ್ಟೋ ಸಲ ಗೊಣಗಿಕೊಂಡಿದ್ದಳು. ಈಗ ಅವಳ ಕಿವಿ ಬಿಸಿಯಾಯಿತು.

"ಹಾಗಾದ್ರೆ ಮಿಸ್," ಎಂದ ಜ್ವರದ ಹುಡುಗ, "ನಾವು ದಿನಾ ಅವರ ಬ್ರೆಡ್ಡೂ ತಿಂದು, ಅವರ ನಿದ್ದೇನೂ ತಿಂತಾ ಇದೀವಾ?"

"ಅವರಿಗೊಂದು ಚೆಂದದ ಕಾರ್ಡ್ ಮಾಡೋಣ," ಎಂದಳು ಗೋಂದು ಮಿಸ್.

"ಯಾಕೆ?" ಎಂದಳು ಯಾಕಮ್ಮ. "ಅವರಿಗೆ ಬೇಕಾಗಿರೋದು ನಿದ್ದೆ. ಕಾರ್ಡ್ ಹೊದ್ಕೊಂಡು ಮಲಗೋಕಾಗುತ್ತಾ?"

ಗೋಂದು ಮಿಸ್ ಕಾರ್ಡಿನ ಕಾಗದವನ್ನು ಬದಿಗಿಟ್ಟಳು. ಕಿಟಕಿ ಮಾಮನಿಗೆ ನಿದ್ದೆಯನ್ನೇ ಕೊಡೋಣವೆಂದು ಎರಡನೇ ಕ್ಲಾಸು ಸದ್ದಿಲ್ಲದ ಶಾಲೆಯನ್ನು ಕಟ್ಟಲು ಹೊರಟಿತು. ಮನೆಮನೆಯಿಂದ ಜೊತೆ ತಪ್ಪಿದ ಕಾಲುಚೀಲಗಳು ಬಂದವು. ಒಂದೊಂದು ಕುರ್ಚಿಯ ಒಂದೊಂದು ಕಾಲಿಗೂ ಒಂದೊಂದನ್ನು ತೊಡಿಸಿ ದಾರ ಬಿಗಿದರು. ಹಳೇ ಕಂಬಳಿ ಕತ್ತರಿಸಿ ಚಪ್ಪಲಿ ಹೊಲಿದರು. ಬರೀ ಚಪ್ಪಲಿ ಸಾಲದೆಂದು ಅವಕ್ಕೆ ಮೊಲದ ಕಿವಿ, ಬೆಕ್ಕಿನ ಮೀಸೆ ಅಂಟಿಸಿದರು. ಡೆಸ್ಕಿನ ಮುಚ್ಚಳಗಳ ಕೆಳಗೆ ಸ್ಪಂಜಿನ ಚೂರು ಕೂತಿತು. ಮಾತಿನ ಬದಲು ಸನ್ನೆ ಬಂತು: ಪೆನ್ಸಿಲ್ ಬೇಕಿದ್ದರೆ ಕಿವಿ ಎಳೆಯಬೇಕು, ಬಾತ್‌ರೂಮಿಗೆ ಹೋಗಬೇಕಿದ್ದರೆ ಮೂಗು ಹಿಡಿಯಬೇಕು. ಗೋಂದು ಮಿಸ್ ಮೊಣಕೈವರೆಗೂ ಅಂಟಾಗಿ, ತಾನೂ ಒಂದು ಜೊತೆ ಮೊಲದ ಚಪ್ಪಲಿ ಹೊಲಿದುಕೊಂಡಳು.

ಶಾಲೆಯ ನೆಲ ನುಣುಪಾದ ಕಲ್ಲಿನದು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಸದ್ದಿಲ್ಲದ ಶಾಲೆ ಶುರುವಾದ ದಿನ ಮೊದಲು ಜಾರಿದವನು ಜ್ವರದ ಹುಡುಗ. ಸುಮ್ಮನೆ ಹಿಂದಕ್ಕೆ ಒರಗಿದ, ಅಷ್ಟೆ. ಕಾಲುಚೀಲ ತೊಟ್ಟ ಕುರ್ಚಿ ಅವನನ್ನು ಹೊತ್ತುಕೊಂಡು ಹಾಯಾಗಿ ಬಾಗಿಲವರೆಗೂ ಹೋಗಿ ನಿಂತಿತು. ಅವನು ರಾಜನಂತೆ ಕೂತೇ ಇದ್ದ. ನಗುವಂತಿಲ್ಲವಲ್ಲ, ಮಕ್ಕಳು ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತರು. ಕಿವಿ ಎಳೆದು ಪೆನ್ಸಿಲ್ ಕೇಳಿದವಳಿಗೆ ಪಕ್ಕದವಳು ಮೂಗು ಹಿಡಿದು ಉತ್ತರ ಕೊಟ್ಟಳು, ಇಬ್ಬರೂ ಡೆಸ್ಕಿನ ಕೆಳಗೆ ಸೇರಿಕೊಂಡರು. ಗೋಂದು ಮಿಸ್ ಚಾರ್ಟ್ ಹುಡುಕುವವಳಂತೆ ಬೀರುವಿನೊಳಗೆ ತಲೆ ಹಾಕಿ, ಭುಜ ಕುಲುಕಿಸುತ್ತ ಬಹಳ ಹೊತ್ತು ಅಲ್ಲೇ ಇದ್ದಳು.

ಇಷ್ಟು ಶಾಂತಿ ಎಲ್ಲಿಂದ ಬಂತೆಂದು ದೊಡ್ಡ ಮೇಡಂ ನೋಡಲು ಬಂದರು. ಯಾಕಮ್ಮ ಬಾಯಿ ಮೇಲೆ ಬೆರಳಿಟ್ಟು, ಅವರ ಕಾಲ ಬಳಿ ಬೆಕ್ಕಿನ ಮೀಸೆಯ ಚಪ್ಪಲಿ ಇಟ್ಟಳು. ಮೈಯಲ್ಲೂ ಗಾಂಭೀರ್ಯದಲ್ಲೂ ಭಾರವಾದ ಹೆಂಗಸು. ಅವರು ಅದನ್ನು ಮೆಟ್ಟಿ ವರಾಂಡಕ್ಕೆ ಒಂದು ಹೆಜ್ಜೆ ಇಟ್ಟದ್ದೊಂದು ಗೊತ್ತು, ಆಮೇಲೆ ಗೋಡೆಗೆ ಕೈ ಕೊಟ್ಟುಕೊಂಡು ಆ ತುದಿಯವರೆಗೂ ಸೊಯ್ಯನೆ ಸಾಗಿದ್ದು ಎಲ್ಲರಿಗೂ ಕಂಡಿತು. ಅಲ್ಲಿ ನಿಂತು ಸೆರಗು ಸರಿಮಾಡಿಕೊಂಡರು, ಆಚೆ ಈಚೆ ನೋಡಿದರು. ಯಾರೂ ನೋಡುತ್ತಿಲ್ಲವೆಂದುಕೊಂಡು ಇನ್ನೊಂದು ಸಲ ಜಾರಿದರು.

ಮಗ್ಗಿಯ ಹೊತ್ತಾಯಿತು. ಮಕ್ಕಳು ತುಟಿಯಲ್ಲೇ ಹೇಳಿಕೊಳ್ಳುತ್ತ ಕಿಟಕಿಯ ಮೇಲೆ ಕಣ್ಣಿಟ್ಟರು. ಇವತ್ತು ಅದು ತೆರೆಯುವುದಿಲ್ಲ, ಕಿಟಕಿ ಮಾಮ ಕಂಬಳಿಯೊಳಗೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದಾರೆ ಎಂದು ಗೋಂದು ಮಿಸ್ ಹಿಗ್ಗುತ್ತಿದ್ದಳು.

ಕಿಟಕಿ ತೆರೆಯಿತು. ತಲೆ ಹೊರಬಂತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಬಾಯಿ ತೆರೆಯಿತು, ಬೈಯುವುದಕ್ಕೆ ಏನೂ ಸಿಗದೆ ಹಾಗೇ ಮುಚ್ಚಿತು. ಕಿಟಕಿ ಮುಚ್ಚಿಕೊಂಡು ಮತ್ತೆ ತೆರೆಯಿತು. ಆಮೇಲೆ ತಲೆ ಮಾಯ. ನೋಡನೋಡುತ್ತಿದ್ದಂತೆ ಪಟ್ಟೆ ಪಟ್ಟೆಯ ಪೈಜಾಮದ ಕಿಟಕಿ ಮಾಮ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಣಿ ದಾಟಿ ಓಡಿಬಂದು, ಕ್ಲಾಸಿನ ಬಾಗಿಲನ್ನು ದೂಡಿದರು.

"ಏನಾಯ್ತು? ಮಕ್ಕಳಿಗೆ ಏನಾಯ್ತು?"

ಮಕ್ಕಳೆಲ್ಲ ಬಾಯಿ ಮೇಲೆ ಬೆರಳಿಟ್ಟುಕೊಂಡು ಅವರನ್ನೇ ನೋಡಿದರು. ಆ ಮೌನದಲ್ಲಿ ಜ್ವರದ ಹುಡುಗನಿಗೆ ಬಿಕ್ಕಳಿಕೆ ಬಂತು. ಒಂದೇ ಒಂದು. ಅಷ್ಟೇ ಸಾಕಾಯಿತು, ಬೆಳಗಿನಿಂದ ತಡೆದಿಟ್ಟ ನಗುವೆಲ್ಲ ಒಡ್ಡು ಒಡೆದಂತೆ ನುಗ್ಗಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಕಿಟಕಿ ಮಾಮ ಕಕ್ಕಾಬಿಕ್ಕಿಯಾಗಿ ಹತ್ತಿರದ ಕುರ್ಚಿಯ ಮೇಲೆ ಕುಸಿದರು. ಆ ಕುರ್ಚಿ ಅವರನ್ನು ಹಿಂದುಮುಂದಾಗಿ ಪುಸ್ತಕದ ಕಪಾಟಿನವರೆಗೆ ಕೊಂಡೊಯ್ದಿತು.

ಯಾಕಮ್ಮ ಬ್ರೆಡ್‌ನಿಂದ ಹಿಡಿದು ಕಾಲುಚೀಲದವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. "ನೀವು ನಮಗೋಸ್ಕರ ಎದ್ದಿರ್ತೀರಲ್ಲ, ಅದಕ್ಕೆ ನಾವು ನಿಮಗೋಸ್ಕರ ಸುಮ್ಮನಿದ್ವಿ."

ಕಿಟಕಿ ಮಾಮ ತಲೆ ಕೆರೆದುಕೊಂಡರು. "ಇಷ್ಟು ವರ್ಷದಲ್ಲಿ ನನ್ನ ನಿದ್ದೆ ವಿಚಾರ ಕೇಳಿದೋಳು ನನ್ನ ಹೆಂಡ್ತಿ ಒಬ್ಬಳೇ," ಎಂದರು. "ಅದೂ ಸಿಟ್ಟಲ್ಲಿ."

"ಮತ್ತೆ ಯಾಕೆ ಎದ್ದು ಬಂದ್ರಿ ಮಾಮ?"

"ಏನು ಹೇಳ್ಲಿ ಮರಿ. ನಿಮ್ಮ ಗಲಾಟೆ ಶುರುವಾಗ್ಬೇಕು, ನಾನು ಎದ್ದು ಒಂದ್ಸಲ ಬೈದು ಹೋಗ್ಬೇಕು, ಆಮೇಲೆ ನೀವು ಮಗ್ಗಿ ಹೇಳ್ತಿದ್ರೆ ನನಗೆ ಜೋಗುಳ ಹಾಡಿದ ಹಾಗೆ. ಇವತ್ತು ಕಣ್ಣು ಬಿಟ್ಕೊಂಡು ಕಾಯ್ತಾ ಇದೀನಿ, ಕಾಯ್ತಾ ಇದೀನಿ, ಸದ್ದೇ ಇಲ್ಲ. ಎದೆ ಹೊಡ್ಕೊಳ್ಳೋಕೆ ಶುರುವಾಯ್ತು."

ಗೋಂದು ಮಿಸ್ ನಗುತ್ತಲೇ ಕಣ್ಣೊರೆಸಿಕೊಂಡು, "ನಾನು ನಿಮ್ಮನ್ನ ಸೋಮಾರಿ ಅಂದ್ಕೊಂಡಿದ್ದೆ, ತಪ್ಪು ತಿಳ್ಕೋಬೇಡಿ," ಎಂದಳು.

"ನಾನು ನಿಮ್ಮನ್ನ ಕಿವುಡಿ ಅಂದ್ಕೊಂಡಿದ್ದೆ ಟೀಚರಮ್ಮ," ಎಂದರು ಅವರು. "ಇಲ್ಲದಿದ್ರೆ ಇಷ್ಟು ಗಲಾಟೇಲಿ ಯಾರು ಪಾಠ ಮಾಡ್ತಾರೆ?"

ಜ್ವರದ ಹುಡುಗ ಅವರ ಮುಂದೆ ನೀಲಿ ಕಾಗದದ ಪಟ್ಟಿಯೊಂದನ್ನು ಹಿಡಿದ. ಅವರ ಬ್ರೆಡ್ಡಿನ ಹಿಂದೆ ಯಾರಿದ್ದಾರೆಂದು ಈಗ ಅವರೇ ಹೇಳಬೇಕಿತ್ತು. ಕಿಟಕಿ ಮಾಮ ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಯೋಚಿಸಿದರು. "ಹಿಟ್ಟು ಉಬ್ಬಿಸೋಕೆ ಯೀಸ್ಟ್ ಅಂತ ಹಾಕ್ತೀವಿ. ಅದು ಜೀವ ಕಣ್ರೋ, ಕಣ್ಣಿಗೇ ಕಾಣ್ಸೋದಿಲ್ಲ. ರಾತ್ರಿಯೆಲ್ಲ ನನ್ನ ಜೊತೆ ಎದ್ದಿರೋದು ಅದೊಂದೇ. ಅದರ ಹೆಸರು ಬರೀತೀನಿ." ಕಣ್ಣಿಗೆ ಕಾಣದ ಜೀವವೊಂದು ತಮಗೋಸ್ಕರ ರಾತ್ರಿಯೆಲ್ಲ ದುಡಿಯುತ್ತದೆಂಬ ಸುದ್ದಿಗೆ ಮಕ್ಕಳು ಹುಚ್ಚೆದ್ದು ಕುಣಿದರು, ಕುಣಿದವರು ಜಾರಿದರು, ಜಾರಿದವರನ್ನು ಎತ್ತಲು ಹೋದವರೂ ಜಾರಿದರು.

"ಸ್ವಲ್ಪ ಬಾಯಿ ಮುಚ್ಕೊಳ್ರಪ್ಪಾ," ಎಂದು ಕಿಟಕಿ ಮಾಮ ಅಭ್ಯಾಸಬಲದಿಂದ ಗದರಿದರು. ಗದರಿದ್ದೇ ತಡ, ಅವರ ಕಣ್ಣು ಎಳೆಯತೊಡಗಿತು. ಕಪಾಟಿನ ಪಕ್ಕದ ಚಾಪೆಯ ಮೇಲೆ, ಉಳಿದ ಕಂಬಳಿ ಚೂರುಗಳ ರಾಶಿಗೆ ತಲೆ ಕೊಟ್ಟು, ಮನೆಗೆ ಹೋಗುವ ಮಾತು ಅರ್ಧದಲ್ಲಿರುವಾಗಲೇ ನಿದ್ದೆ ಹೋದರು.

ಮಕ್ಕಳು ಗಪ್‌ಚಿಪ್ಪಾದರು. ಚಾಪೆಯ ಮೇಲೆ ಕಿಟಕಿ ಮಾಮ ಮಗ್ಗುಲಾಗಿ ಒಂದು ಕಣ್ಣು ತೆರೆದರು.

"ಮಿಸ್, ಎದ್ದೇಬಿಡ್ತಾರೆ," ಎಂದು ಯಾಕಮ್ಮ ಗಾಬರಿಯಿಂದ ಪಿಸುಗುಟ್ಟಿದಳು.

"ಮಗ್ಗಿ ಹೇಳಿ," ಎಂದಳು ಗೋಂದು ಮಿಸ್. "ಜೋರಾಗಿ."

ಮಕ್ಕಳು ಕತ್ತಿನ ನರ ಉಬ್ಬುವಂತೆ ಕೂಗಿದರು. ತೆರೆದಿದ್ದ ಕಣ್ಣು ಮುಚ್ಚಿತು, ಗೊರಕೆ ಎದ್ದಿತು. ಮಗ್ಗಿ ಮುಗಿದರೆ ಪದ್ಯ, ಪದ್ಯ ಮುಗಿದರೆ ವಾರಗಳ ಹೆಸರು, ಅದೂ ಮುಗಿದರೆ ಮತ್ತೆ ಮಗ್ಗಿ. ಕೊನೆಗೆ ಮಕ್ಕಳ ಗಂಟಲು ಸೋಲತೊಡಗಿದಾಗ ದೊಡ್ಡ ಮೇಡಂ ಪಕ್ಕದ ಕ್ಲಾಸಿನವರನ್ನು ಕರೆತಂದರು, ಸುಸ್ತಾದವರಿಗೆ ನೀರು ಕುಡಿಸಿ ಕಳಿಸಿದರು, ತಾವೂ ಒಂದು ಮೂಲೆಯಲ್ಲಿ ನಿಂತು ತಾರಕದಲ್ಲಿ ದನಿಗೂಡಿಸಿದರು. ಗೋಂದು ಮಿಸ್ ಮೇಜಿನ ಮೇಲೆ ಹತ್ತಿ ನಿಂತು, ಕೈಯಲ್ಲಿದ್ದ ಗೋಂದಿನ ಬ್ರಷ್ಷನ್ನು ಎತ್ತಿ ಬೀಸುತ್ತ ತಾಳ ಕೊಡುತ್ತಿದ್ದಳು. ಅವಳ ದನಿ ಯಾವಾಗಲೋ ಹೋಗಿಬಿಟ್ಟಿತ್ತು. ಬಾಯಿ ಮಾತ್ರ ಕಿವಿಯವರೆಗೂ ತೆರೆದೇ ಇತ್ತು.