ಭಾವನವರ ಪಾಲಿನ ಕೊಂಬೆಗಳು

ನಮ್ಮ ಭಾವನವರು ಅಳೆಯದೆ ಬಿಟ್ಟ ವಸ್ತು ಈ ಮನೆಯಲ್ಲಿ ಯಾವುದೂ ಇಲ್ಲ. ನನ್ನ ಗಂಡನ ಈ ಅಣ್ಣ ಮೂವತ್ತು ವರ್ಷ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಕಚೇರಿ ಇವರನ್ನು ಬಿಟ್ಟಿತೇ ಹೊರತು ಇವರು ಟೇಪನ್ನು ಬಿಡಲಿಲ್ಲ. ಅಂಗಿಯ ಜೇಬಿನಲ್ಲಿ ಕನ್ನಡಕ ಇರುತ್ತದೋ ಇಲ್ಲವೋ, ಉಕ್ಕಿನ ಟೇಪು ಇದ್ದೇ ಇರುತ್ತದೆ. ಹನ್ನೆರಡು ವರ್ಷದ ಹಿಂದೆ ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಟ್ಟನಡುವೆ ಗೋಡೆ ಎದ್ದಿತು. ಅದಕ್ಕೆ ಒಂದು ಕಿಟಕಿ ಅಡ್ಡ ಬಂತು. ಬೇರೆಯವರಾಗಿದ್ದರೆ ಕಿಟಕಿಯನ್ನು ಯಾರಾದರೊಬ್ಬರಿಗೆ ಬಿಟ್ಟುಕೊಡುತ್ತಿದ್ದರು. ಇವರು ಸರಳು ಎಣಿಸಿ ನಾಲ್ಕು ತಮಗೆ, ನಾಲ್ಕು ನಮಗೆ ಮಾಡಿದರು. ಈಗಲೂ ನಮ್ಮ ಕಡೆಯ ಅರ್ಧ ಕಿಟಕಿ ಮುಚ್ಚುವುದಿಲ್ಲ, ಅವರ ಕಡೆಯದು ತೆರೆಯುವುದಿಲ್ಲ.

ಹಿತ್ತಿಲಿಗೆ ಬಂದಾಗ ಗೋಡೆಯ ದಾರಿಯಲ್ಲಿ ನೀಲಗಿರಿ ಮರ ನಿಂತಿತ್ತು. ನನ್ನ ಮಾವ, ಅಂದರೆ ಈ ಇಬ್ಬರ ತಂದೆ, ಪುಕ್ಕಟೆ ಸಿಕ್ಕಿತೆಂದು ಕಡ್ಡಿಯಷ್ಟಿದ್ದ ಸಸಿಯನ್ನು ಮನೆಯಿಂದ ಎಂಟು ಹೆಜ್ಜೆಗೆ ನೆಟ್ಟು ಹೋಗಿದ್ದರು. ಈ ಮನೆತನದ ದೂರದೃಷ್ಟಿ ಎಂಟು ಹೆಜ್ಜೆಯದು. ಪಾಲಿನ ಹೊತ್ತಿಗೆ ಅದನ್ನು ತಬ್ಬಲು ಇಬ್ಬರು ಬೇಕಾಗಿತ್ತು. ಗೋಡೆಯನ್ನು ಮರದ ಈಚೆಗೆ ನಿಲ್ಲಿಸಿ ಆಚೆಯಿಂದ ಮತ್ತೆ ಶುರು ಮಾಡಿದರು. ಪಾಲುಪತ್ರದಲ್ಲಿ ‘ಮರ: ಸಮಪಾಲು’ ಎಂದು ಬರೆದರು.

ಮರದ ಆ ಕಡೆ ಭಾವನವರ ಬಚ್ಚಲುಮನೆ. ಈ ಕಡೆ ನನ್ನ ಹೊಲಿಗೆ ಕೋಣೆ. ಮೂರು ಮೆಷಿನ್ನು, ಒಂದು ಇಸ್ತ್ರಿ ಹಲಗೆ, ಬಟ್ಟೆ ಕತ್ತರಿಸಲು ಒಂದು ಹಳೆಯ ಬಾಗಿಲನ್ನೇ ಇಟ್ಟಿಗೆಯ ಮೇಲೆ ಮಲಗಿಸಿದ್ದ ಮೇಜು. ಎರಡು ಶಾಲೆಗಳ ಸಮವಸ್ತ್ರ ಅಲ್ಲಿಂದಲೇ ಹೋಗುತ್ತಿತ್ತು. ನಮ್ಮವರ ಸಂಬಳ ತಿಂಗಳ ಇಪ್ಪತ್ತಕ್ಕೆ ಬಾಯಿ ಬಿಡುತ್ತದೆ. ಉಳಿದ ಹತ್ತು ದಿನ ಮನೆ ನಡೆಯುತ್ತಿದ್ದದ್ದು ಆ ಕೋಣೆಯಿಂದ. ಅದರ ಒಂದೊಂದು ಇಟ್ಟಿಗೆಯೂ ನನ್ನ ದುಡಿಮೆಯದು. ಈ ಮನೆಯಲ್ಲಿ ಯಾರೂ ನನಗೆ ಪಾಲು ಹಾಕಿ ಕೊಡದೆ ಇದ್ದ ಜಾಗ ಅದೊಂದೇ.

ಹೋದ ವರ್ಷದ ಗಾಳಿಗೆ ತೊಡೆಯಷ್ಟು ದಪ್ಪದ ಕೊಂಬೆಯೊಂದು ಮುರಿದು ಆ ಕೋಣೆಯ ಶೀಟು ತೂರಿ ಬಂತು. ನಾನು ಗುಂಡಿ ತರಲು ಅಂಗಡಿಗೆ ಹೋಗಿದ್ದೆ. ಬಂದು ನೋಡಿದರೆ ನಾನು ಕೂರುವ ಸ್ಟೂಲಿನ ಮೇಲೆ ಕೊಂಬೆ ಕೂತಿತ್ತು. ಅವತ್ತೇ ಮರ ತೆಗೆಸಬೇಕೆಂದು ಹಟ ಹಿಡಿದೆ. ನಮ್ಮವರು ಎಂದಿನಂತೆ “ನೋಡೋಣ” ಎಂದರು. ಅವರ ಬಾಯಲ್ಲಿ ನೋಡೋಣ ಎಂದರೆ ಕಣ್ಣು ಮುಚ್ಚೋಣ ಎಂದು ಅರ್ಥ. ನಾನೇ ಹೋಗಿ ಮರ ಇಳಿಸುವವನನ್ನು ಕರೆತಂದೆ.

ಆ ಮನುಷ್ಯ ಅರ್ಧ ಗಂಟೆ ಮರವನ್ನೇ ಪರೀಕ್ಷಿಸಿದ. ಮರದ ಸುತ್ತ ನಡೆದ, ಮಚ್ಚಿನ ಹಿಡಿಯಿಂದ ಬಡಿದು ಕಿವಿಯಿಟ್ಟ, ತಂತಿ ನೋಡಿದ, ಹಿಂದಿನ ಮನೆಯ ನೀರಿನ ತೊಟ್ಟಿ ನೋಡಿದ.

“ಬುಡ ಕೊಯ್ದು ಬೀಳಿಸೋಕೆ ಆಗಲ್ಲಮ್ಮ. ಎಲ್ಲಿ ಬಿದ್ರೂ ಯಾರದ್ದೋ ಸೂರು. ತುದಿಯಿಂದ ಒಂದೊಂದೇ ತುಂಡು ಕೊಯ್ದು ಹಗ್ಗದಲ್ಲಿ ಇಳಿಸಬೇಕು. ಐದು ಜನ, ನಾಲ್ಕು ದಿನ. ತಂತಿ ತೆಗೆಸೋಕೆ ಒಂದು ಅರ್ಜಿ, ಮರಕ್ಕೆ ಒಂದು ಅರ್ಜಿ. ಎರಡೂ ಮನೆಯವರ ಸಹಿ ಬೇಕು.”

ಅವನು ಹೇಳಿದ ಹಣಕ್ಕೆ ನನ್ನ ಮೂರು ಮೆಷಿನ್ನಿನ ಜೊತೆ ಇನ್ನೆರಡು ಬರುತ್ತಿದ್ದವು. ಗೋಡೆಯ ಆಚೆಯಿಂದ ಭಾವನವರ ತಲೆ ಮೇಲೆದ್ದಿತು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ, ಹಣದ ಮಾತು ಬಂದಾಗ ಸ್ಟೂಲು ಹತ್ತಿ ನಿಂತಿದ್ದರು.

“ನಮ್ಮಪ್ಪ ಇದನ್ನ ನೆಡೋಕೆ ಒಂದು ಕಾಸು ಖರ್ಚು ಮಾಡಿಲ್ಲ. ತೆಗೆಯೋಕೆ ಇಷ್ಟಾ?”

“ನಿಮ್ಮಪ್ಪ ನೆಟ್ಟಿದ್ದು ಕಡ್ಡಿ ಸ್ವಾಮಿ. ನಾನು ಇಳಿಸಬೇಕಾಗಿರೋದು ಆನೆ.”

ಭಾವನವರು ಟೇಪು ತೆಗೆದರು. ನಮ್ಮವರು ಈ ಕಡೆಯಿಂದ ಓಡಿ ಹೋಗಿ ಅದರ ಇನ್ನೊಂದು ತುದಿ ಹಿಡಿದರು. ಜಗಳವಾಡಿ ಹನ್ನೊಂದು ವರ್ಷ ಮಾತು ಬಿಟ್ಟವರು, ಟೇಪು ಹಿಡಿಯಲು ಮಾತ್ರ ಇಂದಿಗೂ ಅಣ್ಣನಿಗೆ ತಮ್ಮ ಬೇಕು. ಅಳೆದು ಅಳೆದು ಕೊನೆಗೆ ಕಾಂಡ ನಮ್ಮ ಕಡೆ ನಾಲ್ಕು ಬೆರಳು ಹೆಚ್ಚು ವಾಲಿದೆ, ಆದ್ದರಿಂದ ಅರ್ಧ ಖರ್ಚು ಕೊಡುವ ಪ್ರಶ್ನೆಯೇ ಇಲ್ಲ ಎಂದು ತೀರ್ಪಾಯಿತು.

“ನನ್ನ ಪಾಲಿನ ಕೊಂಬೆಗಳನ್ನ ನಾನೇ ಕಡಿಸ್ಕೋತೀನಿ. ನಿಮ್ಮ ಪಾಲಿನದು ನಿಮ್ಮ ಇಷ್ಟ” ಎಂದರು.

ಮರದವನು ಮಚ್ಚನ್ನು ಚೀಲಕ್ಕೆ ಹಾಕುತ್ತಿದ್ದವನು ನಿಂತ. “ಹಾಗೆ ಮಾತ್ರ ಮಾಡಬೇಡಿ ಸ್ವಾಮಿ. ಎರಡೂ ಕಡೆ ಭಾರ ಇದೆ ಅಂತ ಇದು ನಿಂತಿದೆ. ಹೆಗಲ ಮೇಲೆ ಎರಡು ಕೊಡ ಹೊತ್ತವನ ಒಂದು ಕೊಡ ಕಿತ್ಕೊಂಡ್ರೆ ಏನಾಗುತ್ತೆ ಹೇಳಿ.”

“ಇನ್ನೊಂದು ಕೊಡ ಅವರದ್ದಲ್ವಾ” ಎಂದು ಹೇಳಿ ಭಾವನವರು ಸ್ಟೂಲಿನಿಂದ ಇಳಿದರು.

ಮರುವಾರ ಅವರು ಮನೆಗೆ ಸುಣ್ಣಬಣ್ಣ ಬಳಿಯುವವನನ್ನು ಕರೆಸಿದರು. ಅವನ ಹತ್ತಿರ ಏಣಿ ಇತ್ತು, ಅದೇ ಅರ್ಹತೆ. ಎರಡು ದಿನದಲ್ಲಿ ಗೋಡೆಯ ಆಚೆ ಕಡೆಯ ಕೊಂಬೆಗಳೆಲ್ಲ ನೆಲಕ್ಕೆ ಬಂದವು. ಗೆರೆ ಎಳೆದಂತೆ ಕಡಿಸಿದ್ದರು, ಗೆರೆ ಎಳೆದೇ ಕಡಿಸಿದ್ದರು ಎನ್ನಿ. ಸೀಮೆಸುಣ್ಣದ ಗುರುತು ಕಾಂಡದ ಮೇಲೆ ಇನ್ನೂ ಇತ್ತು. ಅರ್ಧ ತಲೆ ಬೋಳಿಸಿಕೊಂಡು ಕ್ಷೌರಿಕನ ಅಂಗಡಿಯಿಂದ ಎದ್ದು ಬಂದವನ ಹಾಗೆ ಮರ ನಿಂತಿತ್ತು. ಉಳಿದ ಅರ್ಧ ತಲೆಯ ಭಾರವೆಲ್ಲ ನನ್ನ ಕೋಣೆಯ ಮೇಲೆ.

ನಮ್ಮವರಿಗೆ ಇದರಲ್ಲಿ ಕಂಡದ್ದೇನು ಗೊತ್ತೇ? “ನೋಡು, ಇನ್ಮೇಲೆ ನೆರಳೆಲ್ಲ ನಮ್ದೇ. ಅಣ್ಣ ಬಿಸಿಲಲ್ಲಿ ಬೇಯಲಿ.” ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹೊಲಿಗೆಗೆ ಎದ್ದು ಹೋದೆ. ಆದರೆ ಮೆಷಿನ್ನಿನ ಮುಂದೆ ಕೂತಾಗ ಕಣ್ಣು ಸೂರಿನ ಕಡೆಗೇ ಹೋಗುತ್ತಿತ್ತು. ಎಲೆ ಅಲ್ಲಾಡಿದರೂ ಕಾಲು ಪೆಡಲಿನಿಂದ ಎದ್ದುಬಿಡುತ್ತಿತ್ತು. ಭಯವಾಗುತ್ತಿತ್ತು, ಭಯಕ್ಕಿಂತ ಹೆಚ್ಚಾಗಿ ಇವರಿಬ್ಬರ ಮೇಲೆ ಅಸಹ್ಯವಾಗುತ್ತಿತ್ತು.

ಒಂದು ದಿನ ನನ್ನ ಓರಗಿತ್ತಿ, ಭಾವನವರ ಹೆಂಡತಿ, ಅಂಗಿಯ ಹೊಲಿಗೆ ಬಿಟ್ಟಿದೆ ಎಂದು ನೆಪ ಹೇಳಿಕೊಂಡು ಬೀದಿ ಸುತ್ತಿ ಬಂದಳು. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಗಂಡಸರು ಮಾತು ಬಿಟ್ಟರೆ ನಾವೂ ಬಿಡಬೇಕೆಂದು ಎಲ್ಲೂ ಅಳೆದಿಟ್ಟಿರಲಿಲ್ಲ.

“ಬಚ್ಚಲ ನೆಲ ಬಿರುಕು ಬಿಟ್ಟಿದೆ ಕಣೆ. ಹೋದ ವಾರ ಬೆರಳು ಹೋಗ್ತಿತ್ತು. ಇವತ್ತು ಕೈ ಹೋಯ್ತು.”

“ಭಾವ ಏನಂದ್ರು?”

“ಅಳತೆ ಮಾಡಿ ಗೋಡೆ ಮೇಲೆ ತಾರೀಕು ಹಾಕಿ ಬರೆದಿಟ್ಟಿದಾರೆ.”

ನನಗೆ ತಕ್ಷಣ ಹೊಳೆಯಿತು. ಬಟ್ಟೆಯನ್ನು ಒಂದು ಕಡೆಯಿಂದ ಎಳೆದರೆ ಇನ್ನೊಂದು ಕಡೆ ಹೊಲಿಗೆ ಬಿಡುತ್ತದೆ. ಮರ ನಮ್ಮ ಕಡೆ ವಾಲುತ್ತಿತ್ತು, ಬೇರು ಅವರ ಕಡೆ ಏಳುತ್ತಿತ್ತು. ಕೊಂಬೆ ಹಂಚಿಕೊಂಡ ಮಹಾಶಯರು ಬೇರನ್ನು ಮರೆತಿದ್ದರು, ಟೇಪು ಮಣ್ಣಿನೊಳಗೆ ಹೋಗುವುದಿಲ್ಲವಲ್ಲ.

ಮರದವನನ್ನು ಮತ್ತೆ ಕರೆಸಿದೆ. ಈ ಸಲ ಅವನು ಮರದ ಹತ್ತಿರಕ್ಕೂ ಹೋಗಲಿಲ್ಲ.

“ನಾನು ಹತ್ತಲ್ಲಮ್ಮ. ನನಗೂ ಹೆಂಡ್ತಿ ಮಕ್ಕಳಿದಾರೆ. ಇದಕ್ಕೀಗ ಕ್ರೇನು ಬೇಕು. ಕ್ರೇನು ಒಳಗೆ ಬರೋಕೆ ಹಿತ್ತಿಲ ಗೋಡೆ ಒಡೀಬೇಕು.” ಹಣ ಮೊದಲು ಹೇಳಿದ್ದರ ಮೂರರಷ್ಟು. ಪೂರ್ತಿ ಮರಕ್ಕಿಂತ ಅರ್ಧ ಮರ ದುಬಾರಿ. ಮೂಗಿಗಿಂತ ಮೂಗುತಿ ಭಾರ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದವರಿಗೆ ಈಗ ಕೊಡಲಿಯಲ್ಲೂ ಹೋಗದ ಸ್ಥಿತಿ.

“ಗೋಡೆ ಮುಟ್ಟೋ ಹಾಗಿಲ್ಲ” ಎಂದರು ಭಾವನವರು.

“ನೋಡೋಣ” ಎಂದರು ನಮ್ಮವರು.

ನಾನು ನೋಡಲಿಲ್ಲ. ಮರುದಿನ ಭಾವನವರು ಪಿಂಚಣಿಯ ಕೆಲಸಕ್ಕೆ ಬ್ಯಾಂಕಿಗೆ ಹೋದಾಗ, ಅಕ್ಕ ತನ್ನ ನಡುಮನೆಯ ಬಾಗಿಲು ತೆರೆದು ಕೂತಳು. ತರಕಾರಿ ಗಾಡಿಯವನಿಗೆ ಹೇಳಿ ಮೂರೂ ಮೆಷಿನ್ನುಗಳನ್ನೂ ನನ್ನ ಸ್ಟೂಲನ್ನೂ ನಮ್ಮ ಗೇಟಿನಿಂದ ಬೀದಿಗೆ, ಬೀದಿಯಿಂದ ಅವರ ಗೇಟಿಗೆ ಸಾಗಿಸಿದೆ. ನಮ್ಮ ಅರ್ಧ ಮನೆಯಲ್ಲಿ ಜಾಗವಿದ್ದದ್ದು ಹಿಂದುಗಡೆ ಮಾತ್ರ, ಹಿಂದುಗಡೆಯೆಲ್ಲ ಮರದ ಬಾಯಿಗೆ ನೇರ. ಸಂಜೆ ಭಾವನವರು ಬಂದು ಮೆಷಿನ್ನುಗಳ ಸುತ್ತ ಟೇಪು ಹಿಡಿದು, ಇಷ್ಟು ಚದರಡಿಗೆ ತಿಂಗಳಿಗೆ ಇಷ್ಟು ಬಾಡಿಗೆ ಎಂದರು. ಅಕ್ಕ ತಲೆ ತಗ್ಗಿಸಿದಳು. ನಾನು ಹಣ ಎಣಿಸಿ ಕೊಟ್ಟೆ, ರಸೀದಿ ಕೇಳಿದೆ.

ಹದಿಮೂರನೆಯ ದಿನ ಮರ ಬಿದ್ದಿತು. ಎರಡು ದಿನ ಮಳೆ ಸುರಿದು ಮಣ್ಣು ಮೆತ್ತಗಾಗಿತ್ತು, ಬೆಳಿಗ್ಗೆ ಹತ್ತಕ್ಕೆ ಗಾಳಿ ಎದ್ದಿತು. ನಾನು ಅಕ್ಕನ ನಡುಮನೆಯಲ್ಲಿ ಸಮವಸ್ತ್ರಕ್ಕೆ ಕಾಲರು ಕೂಡಿಸುತ್ತಿದ್ದೆ. ಮೊದಲು ಹಿತ್ತಿಲಿನಿಂದ ಬಟ್ಟೆ ಹರಿದಂಥ ಸದ್ದು ಬಂತು, ಆಮೇಲೆ ನೆಲವೇ ನಡುಗಿತು. ಓಡಿ ಹೋಗಿ ನೋಡಿದೆ. ನನ್ನ ಕೋಣೆ ಇರಲಿಲ್ಲ. ಗೋಡೆಯಿದ್ದ ಕಡೆ ಎಲೆ, ಎಲೆಯ ಕೆಳಗೆ ಇಟ್ಟಿಗೆ. ಇಸ್ತ್ರಿ ಹಲಗೆಯ ಒಂದು ಕಾಲು ಮಾತ್ರ ಮೇಲಕ್ಕೆ ನಿಂತಿತ್ತು. ನಾನು ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತೆ. ಮೆಷಿನ್ನು ಉಳಿದವಲ್ಲ ಎಂದು ಅಕ್ಕ ಬೆನ್ನು ಸವರಿದಳು. ಉಳಿದವು. ಆದರೆ ನನ್ನದು ಎಂದು ಬೀಗ ಹಾಕಿಕೊಳ್ಳಲು ಇದ್ದ ಒಂದೇ ಬಾಗಿಲು ಹೋಗಿತ್ತು.

ಆಗಲೇ ಭಾವನವರು ಪ್ರತ್ಯಕ್ಷರಾದರು. ತಲೆಯ ತುಂಬ ಸೋಪಿನ ನೊರೆ, ಸೊಂಟಕ್ಕೆ ಟವೆಲು. ಬೇರು ಏಳುವಾಗ ಅವರ ಬಚ್ಚಲ ನೆಲವನ್ನೂ ಬಕೆಟ್ಟನ್ನೂ ಎತ್ತಿಕೊಂಡೇ ಎದ್ದಿತ್ತು. ಇವರು ಸ್ಟೂಲಿನ ಸಮೇತ ಜಾರಿ ಬಾಗಿಲಿಗೆ ಬಂದು ಬಿದ್ದಿದ್ದರು. ಚರ್ಮ ತರಚಿತ್ತು ಅಷ್ಟೇ. ಅಳುತ್ತಿದ್ದವಳಿಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ.

ನೊರೆ ಒರೆಸಿಕೊಂಡು ಅವರು ಆಡಿದ ಮೊದಲ ಮಾತು: “ಬಿದ್ದಿರೋದು ನಿಮ್ಮ ಜಾಗದಲ್ಲಿ. ತೆಗೆಸೋ ಖರ್ಚು ನಿಮ್ದು.”

“ಬುಡ ನಿಮ್ಮ ಜಾಗದಲ್ಲಿದೆ ಅಣ್ಣ” ಎಂದರು ನಮ್ಮವರು. ಹನ್ನೊಂದು ವರ್ಷದ ಮೇಲೆ ಅಣ್ಣನೊಡನೆ ಆಡಿದ ಮೊದಲ ಮಾತು ಇದು.

ಮಧ್ಯಾಹ್ನದವರೆಗೆ ಅದೇ ಹರಿಕಥೆ ನಡೆಯಿತು. ನಾನು ಮುಖ ತೊಳೆದುಕೊಂಡು ಬಂದು ಹೇಳಿದೆ: “ಭಾವ, ಪೂರ್ತಿ ಖರ್ಚು ನಾನು ಕೊಡ್ತೀನಿ. ಈ ಮರದಲ್ಲಿ ನಿಮಗೆ ಪಾಲಿಲ್ಲ ಅಂತ ಬರೆದುಕೊಡಿ.”

ಅಷ್ಟು ಬೇಗ ಅವರು ಯಾವ ಕಾಗದಕ್ಕೂ ಸಹಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. ತಮ್ಮ ಜಾಣತನಕ್ಕೆ ತಾವೇ ಮೆಚ್ಚಿ, ತಾರೀಕನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆದರು.

ಶಾಲೆಯವರ ಹತ್ತಿರ ಮುಂಗಡ ತಂದು ಮರದವನಿಗೆ ಕೊಟ್ಟೆ. ಕೊಂಬೆ ರೆಂಬೆ ಸೌದೆಗೆ ಹೋಯಿತು. ದಪ್ಪ ಕಾಂಡವನ್ನು ಮಾತ್ರ ಉದ್ದುದ್ದ ಹಲಗೆ ಸೀಳಿಸಿ, ಬಡಗಿಯ ಕೊಟ್ಟಿಗೆಯಲ್ಲಿ ಆರು ತಿಂಗಳು ಒಣಗಿಸಿದೆ. ಅಷ್ಟೂ ದಿನ ಭಾವನವರು ಬಕೆಟ್ಟು, ಟವೆಲು ಹಿಡಿದು, ಮರ ಬಿದ್ದು ಗೋಡೆಯಲ್ಲಿ ಆದ ಸಂದಿಯಿಂದ ತೂರಿ ನಮ್ಮ ಬಚ್ಚಲಿಗೆ ಬರುತ್ತಿದ್ದರು. ತಮ್ಮ ಬಚ್ಚಲು ಕಟ್ಟಿಸಲು ಎಷ್ಟಾಗುತ್ತದೆಂದು ಅವರು ಇನ್ನೂ ಅಳೆಯುತ್ತಲೇ ಇದ್ದರು. ಬಾಡಿಗೆಯ ಮಾತು ತಾನಾಗಿ ನಿಂತಿತು.

ಹಲಗೆ ಒಣಗಿತು. ಬಡಗಿಯನ್ನು ಅಕ್ಕನ ನಡುಮನೆಗೆ ಕರೆಸಿ, ಅಲ್ಲೇ ಜೋಡಿಸಿ, ಅಂಟು ಹಾಕಿ ಮೊಳೆ ಹೊಡೆಸಿದೆ. ನಾಲ್ವರು ನಾಲ್ಕು ಕಡೆ ನಿಂತು ಬಟ್ಟೆ ಕತ್ತರಿಸುವಂಥ ಮೇಜಾಯಿತು. ಭಾವನವರು ಪತ್ರಿಕೆ ಓದುತ್ತ ಕೂತಿದ್ದರು, ಸದ್ದಾಗುತ್ತದೆಂದು ಎರಡು ಸಲ ಗೊಣಗಿದರು, ಅಷ್ಟೇ.

ಮೊನ್ನೆ ಅವರಿಗೆ ಜ್ಞಾನೋದಯವಾಯಿತು. “ಮರ ಹೋಯ್ತಲ್ಲ, ಇನ್ನು ನಿಮ್ಮ ಕಡೆಯೇ ಕೋಣೆ ಕಟ್ಟಿಸ್ಕೊಂಡು ಇದನ್ನೆಲ್ಲ ಎತ್ಕೊಂಡು ಹೋಗಿ” ಎಂದರು.

“ಆಗಲಿ ಭಾವ. ಈ ಬಾಗಿಲಲ್ಲಿ ಹೋಗುತ್ತಾ ಒಂಚೂರು ನೋಡಿಬಿಡಿ.”

ಟೇಪು ಹೊರಬಂತು. ನಮ್ಮವರು ಸಂದಿಯಿಂದ ತೂರಿ ಬಂದು ಇನ್ನೊಂದು ತುದಿ ಹಿಡಿದರು. ಮೇಜು ಅಳೆದರು, ಬಾಗಿಲು ಅಳೆದರು, ಮೇಜನ್ನು ಓರೆಯಾಗಿ ಅಳೆದರು, ಕಿಟಕಿಯ ನಾಲ್ಕು ಸರಳನ್ನೂ ಅಳೆದರು. ಭಾವನವರ ಕತ್ತಿನಲ್ಲಿ ಬೆವರು ಇಳಿಯಿತು. ಬಾಗಿಲಿಗಿಂತ ಮೇಜು ನಾಲ್ಕು ಬೆರಳು ಹೆಚ್ಚಿತ್ತು. ಅಳತೆ ಕೊಟ್ಟು ಮಾಡಿಸಿದವಳು ನಾನೇ, ನನಗೆ ಗೊತ್ತಿಲ್ಲವೇ.

“ಇದನ್ನ ಕೊಯ್ಯಬೇಕಾಗುತ್ತೆ” ಎಂದರು.

ನಾನು ಅವರೇ ಬರೆದುಕೊಟ್ಟ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಅದರ ಪಕ್ಕ ಸೀಮೆಸುಣ್ಣ ಇಟ್ಟೆ.

“ಇದರಲ್ಲಿ ನಿಮ್ಮ ಪಾಲು ಎಲ್ಲಿದೆ ಭಾವ? ಗೆರೆ ಎಳೆಯಿರಿ. ಅಷ್ಟನ್ನ ಮಾತ್ರ ಕೊಯ್ಯೋಣ.”

ಅಕ್ಕ ಒಳಗಿನಿಂದ ನನ್ನ ಸ್ಟೂಲು ತಂದು ಮೆಷಿನ್ನಿನ ಮುಂದೆ ಇಟ್ಟಳು. ನಾನು ಕೂತು ಹೊಲಿಯತೊಡಗಿದೆ.